ನಮ್ಮ ಭಾಗದ ಸೈಕಲ್ಲು ಮತ್ತು ಅದರ ಸ್ಟ್ಯಾಂಡು

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೆಳೆದವರಿಗೆ 'ಸ್ಟ್ಯಾಂಡು' ಎಂಬ ಶಬ್ದಕ್ಕೆ ಮೂರು ಅರ್ಥಗಳು ಗೊತ್ತು. ಬಸ್ಸು ನಿಲ್ಲುವ ಜಾಗ ಒಂದು. ಸಿನಿಮಾ ಟಾಕೀಸಿನ ಮಗ್ಗುಲಲ್ಲಿ ಚೀಟಿ ಕೊಟ್ಟು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳುತ್ತಿದ್ದ ತಗಡಿನ ಚಪ್ಪರ ಎರಡನೆಯದು. ಸೈಕಲ್ಲಿನ ಹಿಂದಿನ ಗಾಲಿಗೆ ಜೋಡಿಸಿದ, ಕಾಲಿನಿಂದ ಒತ್ತಿ ಹಿಂದಕ್ಕೆಳೆದರೆ ಗಾಲಿಯನ್ನೇ ನೆಲದಿಂದ ಮೇಲೆತ್ತುವ ಕಬ್ಬಿಣದ ಜೋಡಿಗಾಲು ಮೂರನೆಯದು. ಈಗ ನಾಲ್ಕನೆಯ ಅರ್ಥವೊಂದು ಸೇರಿಕೊಂಡಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿಯೂ ಕಡಲಾಚೆಗೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮಧ್ಯವಯಸ್ಸಿನಲ್ಲಿ ಮತ್ತೆ ಸೈಕಲ್ಲು ಹತ್ತಿದ್ದಾರೆ. ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳಲು ಮಡಚಿಡಬಹುದಾದ 'ರಿಪೇರಿ ಸ್ಟ್ಯಾಂಡು' ಕೊಳ್ಳಬೇಕೆಂದಿದ್ದೇವೆ, ಎಂಥದು ಒಳ್ಳೆಯದು ಎಂದು ಇಬ್ಬರು ಕೇಳಿದ್ದಾರೆ. ಸಮಾಜ ವಿಜ್ಞಾನ ಕಲಿಸಿದವನಿಗೆ ಇಂಥ ಪ್ರಶ್ನೆ ಏಕೆಂದರೆ, ನಾನು ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಗೆ ಸೈಕಲ್ಲಿನ ಮೇಲೆಯೇ ಹೋದದ್ದೂ, ರವಿವಾರ ಅದನ್ನು ಅಂಗಳದಲ್ಲಿ ಬಿಚ್ಚಿ ಕೂಡಿಸುತ್ತಿದ್ದದ್ದೂ ಅವರಿಗೆ ನೆನಪಿದೆ. ಉತ್ತರಕ್ಕಿಂತ ಮೊದಲು ಚರಿತ್ರೆ ಹೇಳುವುದು ನನ್ನ ಹಳೆಯ ಚಾಳಿ, ಸಹಿಸಿಕೊಳ್ಳಿರಿ.

ಬಹಳ ಹಿಂದಕ್ಕೇನೂ ಹೋಗಬೇಕಾಗಿಲ್ಲ. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರನು ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ. ಅದನ್ನು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತೇವೆ. ಅವನು 1860ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಪೆಡಲಿನ ಸೈಕಲ್ಲು ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಪ್ಯಾರಿಸ್ ನಗರದಲ್ಲಿ ಅದು ಮಾರಾಟಕ್ಕೆ ಬಂದದ್ದು ಆ ದಶಕದಲ್ಲಿ. ಎರಡು ಗಾಲಿಗಳೂ ಹೆಚ್ಚುಕಡಿಮೆ ಒಂದೇ ಅಳತೆಯಾಗಿದ್ದು, ಚೈನು ಹಿಂದಿನ ಗಾಲಿಯನ್ನು ತಿರುಗಿಸುವ ಇಂದಿನ ರೂಪವನ್ನು 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಢಿಗೆ ತಂದ. ಮೂರು ವರ್ಷಗಳ ಅನಂತರ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟು ಪಡೆದ. ಅಷ್ಟರಲ್ಲಿ ನಮ್ಮ ಕಡೆಗೆ ರೈಲು ಬಂದಾಗಿತ್ತು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಯಾದಗಿರಿ ಆ ಹಾದಿಯ ಮೇಲಿದೆ. ಶಹಾಪುರ, ಸುರಪುರಗಳಿಗೆ ಇಂದಿಗೂ ರೈಲಿಲ್ಲ. ಹೀಗಾಗಿ ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ಎಂಬ ಇಂಗ್ಲೆಂಡಿನ ಸೈಕಲ್ಲುಗಳು ನಿಜಾಮರ ರಾಜ್ಯದ ಈ ಮೂಲೆಗೆ ಬಂದಾಗ ಯಾದಗಿರಿಯ ನಿಲ್ದಾಣದಲ್ಲಿಯೇ ಇಳಿದಿರಬೇಕೆಂದು ನನ್ನ ಊಹೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಅಂಗಡಿಗೆ ಸೈಕಲ್ಲು ಸೈಕಲ್ಲಾಗಿ ಬರುವುದಿಲ್ಲ. ಅಂದಿಗೂ ಇಂದಿಗೂ ಅದು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಫ್ರೇಮು ಬೇರೆ, ಹ್ಯಾಂಡಲ್ಲು ಬೇರೆ, ಪೆಡಲ್ಲು ಬೇರೆ. ಅದನ್ನು ಕೂಡಿಸುವ ಕೆಲಸಕ್ಕೆ ನಮ್ಮಲ್ಲಿ 'ಫಿಟಿಂಗ್' ಎಂದು ಹೆಸರು. ಹಾಗಾಗಿ ಮೊದಲನೆಯ ಸೈಕಲ್ಲು ಬಂದ ದಿನವೇ ಅದನ್ನು ಎತ್ತಿ ಹಿಡಿಯುವ ಸಮಸ್ಯೆಯೂ ಬಂದಿತು. ಎರಡು ಗಾಲಿಯ ವಸ್ತು ತಾನಾಗಿ ನಿಲ್ಲದು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ನಟ್ಟು ಬಿಗಿಯಲು ಬಾರದು. ಸೈಕಲ್ಲಿನ ಚರಿತ್ರೆ ಬರೆದವರು ಗಾಲಿ, ಚೈನು, ಟಯರುಗಳ ಬಗ್ಗೆ ಬಹಳ ಬರೆದಿದ್ದಾರೆ. ದುರಸ್ತಿಯ ಹೊತ್ತಿನಲ್ಲಿ ಅದನ್ನು ಯಾರು ಹಿಡಿದುಕೊಂಡಿದ್ದರು ಎಂಬುದನ್ನು ಅಷ್ಟಾಗಿ ಕೇಳಿದಂತೆ ಕಾಣದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು. ಅದೇ ಅವಧಿಯಲ್ಲಿ ದೇಶದ ದೊಡ್ಡ ಸೈಕಲ್ ಕಾರ್ಖಾನೆಗಳು ಒಂದೊಂದಾಗಿ ಎದ್ದವು: ಮದ್ರಾಸಿನ ಹತ್ತಿರ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಈ ಹೀರೋ 1986ರಲ್ಲಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಸೈಕಲ್ಲು ತಯಾರಿಸುವ ಕಂಪನಿಯೆಂದು ಗಿನ್ನೆಸ್ ಪುಸ್ತಕವನ್ನು ಸೇರಿತು. ಅಟ್ಲಾಸಿನ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನ!

ಈ ಕಂಪನಿಗಳೆಲ್ಲ ತಯಾರಿಸಿದ್ದು ಬಹುಪಾಲು ಒಂದೇ ಬಗೆಯ ಗಾಡಿ. ಕರಿ ಬಣ್ಣ, 28 ಇಂಚಿನ ಗಾಲಿ, ಸರಳಿನ ಬ್ರೇಕು, ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ತೂಕ ಇಪ್ಪತ್ತು ಕಿಲೋದ ಆಸುಪಾಸು. ಅದರ ಹಿಂಬದಿಗೆ ನಾನು ಮೇಲೆ ಹೇಳಿದ ಜೋಡಿಗಾಲಿನ ಸ್ಟ್ಯಾಂಡು. ಗಾಡಿಯನ್ನು ನಿಲ್ಲಿಸುವುದಕ್ಕೆಂದು ಮಾಡಿದ ಈ ಭಾಗ ಎಷ್ಟು ಕೆಲಸಕ್ಕೆ ಬರುತ್ತಿತ್ತೆಂದರೆ, ಅದನ್ನು ಬಡವರ ಕಾರ್ಖಾನೆ ಎನ್ನಬಹುದು. ಹಿಂದಿನ ಗಾಲಿ ನೆಲ ಬಿಟ್ಟು ನಿಂತ ಮೇಲೆ ಪೆಡಲ್ಲು ತಿರುಗಿಸುತ್ತ ಚೈನಿಗೆ ಎಣ್ಣೆ ಬಿಡಬಹುದು, ರಿಮ್ಮಿನ ಬೆಂಡು ನೋಡಬಹುದು. ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು ಸ್ಟ್ಯಾಂಡು ಹಾಕಿದ ಸೈಕಲ್ಲಿನ ಸೀಟಿನ ಮೇಲೆಯೇ ಕುಳಿತು, ಪೆಡಲ್ಲು ತುಳಿದು ಸಾಣೆಕಲ್ಲು ತಿರುಗಿಸುತ್ತಿದ್ದ. ಕಿಡಿ ಹಾರುವುದನ್ನು ನೋಡಲು ಓಣಿಯ ಹುಡುಗರೆಲ್ಲ ಸೇರುತ್ತಿದ್ದೆವು. ಕಾಲು ನೆಲಕ್ಕೆ ಮುಟ್ಟದ ಮಕ್ಕಳು ಅದೇ ಸ್ಟ್ಯಾಂಡಿನ ಮೇಲೆ ಪೆಡಲ್ಲು ತುಳಿಯುತ್ತ ಹೈದರಾಬಾದಿನವರೆಗೂ ಹೋಗಿಬರುತ್ತಿದ್ದರು.

ಆದರೆ ಅದಕ್ಕೊಂದು ಮಿತಿಯಿತ್ತು. ಆ ಸ್ಟ್ಯಾಂಡು ಬಿಗಿದಿರುವುದು ಹಿಂದಿನ ಗಾಲಿಯ ಅಚ್ಚಿಗೇ. ಗಾಲಿಯನ್ನು ಹೊರತೆಗೆಯಬೇಕೆಂದು ನಟ್ಟು ಬಿಚ್ಚಿದರೆ ಸ್ಟ್ಯಾಂಡೂ ಕಳಚುತ್ತದೆ, ಮಡ್‌ಗಾರ್ಡಿನ ಕಡ್ಡಿಯೂ ಕ್ಯಾರಿಯರಿನ ಕಾಲೂ ಸಡಿಲುತ್ತವೆ. ಅತಿ ಹೆಚ್ಚು ಆಧಾರ ಬೇಕಾದ ಗಳಿಗೆಯಲ್ಲಿಯೇ ಆಧಾರ ಇಲ್ಲವಾಗುತ್ತದೆ. ನಮ್ಮ ಮಿಸ್ತ್ರಿಗಳು ಹಿಂದಿನ ಗಾಲಿಯ ಪಂಕ್ಚರನ್ನು ಗಾಲಿ ತೆಗೆಯದೆಯೇ, ಟಯರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ ಟ್ಯೂಬು ಹೊರಗೆಳೆದು ತಿದ್ದುತ್ತಿದ್ದುದರ ಗುಟ್ಟು ಇದು. ವಿದೇಶದಲ್ಲಿರುವ ನಮ್ಮ ಹುಡುಗರು ಇದನ್ನು ಕಂಡರೆ ಒರಟು ಪದ್ಧತಿ ಎಂದಾರು. ನನ್ನ ಎಣಿಕೆಯಲ್ಲಿ ಇದು ಬಹಳ ಜಾಣ ಪದ್ಧತಿ.

ಮಿಸ್ತ್ರಿಯ ಅಂಗಡಿಯ ವಿಷಯಕ್ಕೆ ಬರೋಣ. ನಮ್ಮ ಭಾಗದಲ್ಲಿ ಅದಕ್ಕೆ 'ಸೈಕಲ್ ಟ್ಯಾಕ್ಸಿ' ಎಂದು ಹೆಸರು. ಹೊರಗಿನವರು ಕೇಳಿ ನಗುತ್ತಾರೆ, ಆದರೆ ಅರ್ಥ ಸರಿಯಾಗಿಯೇ ಇದೆ: ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿ. ಬಾಡಿಗೆಯ ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ನಂಬರು ಬರೆದಿರುತ್ತಿತ್ತು. ನೋಟುಪುಸ್ತಕದಲ್ಲಿ ಹೆಸರು, ಹೊತ್ತು ಬರೆಸಿ ಹೋಗಬೇಕು, ಪರಿಚಯವಿಲ್ಲದವರಿಗೆ ಕೊಡುತ್ತಿರಲಿಲ್ಲ. ಮೈಲಾಪುರದ ಜಾತ್ರೆ, ತಿಂಥಣಿಯ ಜಾತ್ರೆ ಬಂದರೆ ಒಂದೂ ಉಳಿಯುತ್ತಿರಲಿಲ್ಲ. ಬಾಡಿಗೆಯ ಸೈಕಲ್ಲು ದಿನಕ್ಕೆ ಹತ್ತು ಜನರ ಕೈ ಕಾಲಿಗೆ ಸಿಕ್ಕು ಬೇಗ ಕೆಡುವುದರಿಂದ ದುರಸ್ತಿಯೂ ಅಲ್ಲಿಯೇ ನಡೆಯುತ್ತಿತ್ತು. ನೆಲ ಎರೆ, ಬೇಲಿ ಜಾಲಿ ಆಗಿರುವ ಸೀಮೆಯಲ್ಲಿ ಮಿಸ್ತ್ರಿಗೆ ಕೆಲಸದ ಬರವಿಲ್ಲ. ಬೇಸಿಗೆಯಲ್ಲಿ ಜಾಲಿಯ ಮುಳ್ಳು. ಮಳೆಗಾಲದಲ್ಲಿ ಎರೆಯ ಮಣ್ಣು ಮಡ್‌ಗಾರ್ಡು ಮತ್ತು ಟಯರಿನ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತೆ ಮಾಡುತ್ತಿತ್ತು. ಸೈಕಲ್ಲು ನಮ್ಮನ್ನು ಹೊರುವ ಬದಲು ನಾವು ಸೈಕಲ್ಲನ್ನು ಹೊತ್ತು ಊರು ಸೇರಿದ್ದುಂಟು.

ಅಂಗಡಿಯ ಮುಂದೆ ಒಂದು ಬೇವಿನ ಮರ. ಅದರ ಟೊಂಗೆಯಿಂದ ಎರಡು ಹಗ್ಗ ಇಳಿಬಿಟ್ಟು ತುದಿಗೆ ಕಬ್ಬಿಣದ ಕೊಂಡಿ ಹಾಕಿರುತ್ತಿದ್ದರು. ಒಂದು ಕೊಂಡಿ ಸೀಟಿನ ಕೆಳಗೆ, ಇನ್ನೊಂದು ಹ್ಯಾಂಡಲ್ಲಿನ ಕುತ್ತಿಗೆಗೆ. ಸೈಕಲ್ಲು ಎದೆಯ ಮಟ್ಟಕ್ಕೆ ಏರಿ ತೂಗುತ್ತಿತ್ತು. ಎರಡು ಗಾಲಿಗಳನ್ನೂ ಬಿಚ್ಚಬಹುದು, ಎಲ್ಲ ಕಡೆಯಿಂದಲೂ ಕೈ ಆಡಿಸಬಹುದು. ಮರವಿಲ್ಲದವರು ತೊಲೆಗೆ ಕೊಂಡಿ ಬಡಿದಿದ್ದರು. ಆದರೆ ಎಲ್ಲ ಕೆಲಸವೂ ಹಗ್ಗದ ಮೇಲೆ ಆಗದು. ಹಗ್ಗ ತೂಗುತ್ತದೆ, ಬಲ ಬಿದ್ದರೆ ಸೈಕಲ್ಲು ದೂರ ಸರಿಯುತ್ತದೆ. ಪೆಡಲಿನ ಕೋಲನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನನ್ನು ತೆಗೆಯುವಾಗ ಸುತ್ತಿಗೆಯಿಂದ ಹೊಡೆಯಬೇಕು, ಹೊಡೆತದ ಕೆಳಗೆ ಗಟ್ಟಿಯಾದ ಆನಿಕೆ ಬೇಕು. ಇಲ್ಲದಿದ್ದರೆ ಪಿನ್ನು ಬಾಗುತ್ತದೆ, ಒಳಗಿನ ಗುಂಡುಗಳ ಬಟ್ಟಲಿಗೂ ಪೆಟ್ಟು. ಅದಕ್ಕಾಗಿ ಸೈಕಲ್ಲನ್ನು ಕೆಳಗಿಳಿಸಿ, ಕೋಲಿನ ಕೆಳಗೆ ಕಬ್ಬಿಣದ ತುಂಡು ಇಟ್ಟು, ಮಿಸ್ತ್ರಿ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ. ಪಂಕ್ಚರೂ ಹಾಗೆಯೇ, ನೀರಿನ ಬೋಗುಣಿಯ ಮುಂದೆ ನೆಲದ ಮೇಲೆ. ಬೆಳಗಿನ ಎಂಟರಿಂದ ದೀಪ ಹಚ್ಚುವವರೆಗೆ, ದಿನದ ಬಹುಭಾಗ ಹೀಗೆಯೇ. ಮುಪ್ಪಿನಲ್ಲಿ ಅವರು ಗೋಡೆ ಹಿಡಿದು ಏಳುತ್ತಿದ್ದುದನ್ನು ನಾನು ಒಬ್ಬರಲ್ಲ, ಮೂವರಲ್ಲಿ ಕಂಡಿದ್ದೇನೆ. ಸೈಕಲ್ಲನ್ನು ಎತ್ತಿ ಹಿಡಿದವರು ಯಾರು ಎಂಬ ನನ್ನ ಪ್ರಶ್ನೆಗೆ ನಮ್ಮ ಊರುಗಳ ಮಟ್ಟಿಗೆ ಉತ್ತರ ಇದು: ಸೈಕಲ್ಲನ್ನು ಎತ್ತುವ ಬದಲು ಮನುಷ್ಯ ಬಗ್ಗಿದ.

ವರ್ಷಕ್ಕೊಮ್ಮೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಕೂಡಿಸುವುದಕ್ಕೆ 'ಓವರಾಯಿಲಿಂಗ್' ಎನ್ನುತ್ತಿದ್ದರು. ಇಂಗ್ಲಿಷಿನ 'ಓವರ್‌ಹಾಲಿಂಗ್' ನಮ್ಮ ಬಾಯಿಗೆ ಬಂದು ಎಣ್ಣೆಯ ಹೆಸರು ಪಡೆದದ್ದು ಹೀಗೆ. ತಪ್ಪು ಶಬ್ದವೆಂದು ನಾನೆಂದೂ ತಿದ್ದಲಿಲ್ಲ. ಎಣ್ಣೆ ಹೆಚ್ಚಾಗಿಯೇ ಬೀಳುತ್ತಿತ್ತು.

ಆ ಅಂಗಡಿಗಳು ಕಡಿಮೆಯಾದವು. ಮೋಟರ್ ಸೈಕಲ್ಲು ಸಾಲದ ಮೇಲೆ ಸಿಗತೊಡಗಿತು, ಹಳ್ಳಿಗಳಿಗೆ ಟಂಟಂ ಬಂದವು, ಮಿಸ್ತ್ರಿಯ ಮಗ ಮೋಟರ್ ಸೈಕಲ್ಲಿನ ಮಿಸ್ತ್ರಿಯಾದ. ಸೈಕಲ್ಲಿನ ರೂಪವೂ ಬದಲಾಯಿತು. ಜೋಡಿಗಾಲಿನ ಸ್ಟ್ಯಾಂಡಿನ ಜಾಗದಲ್ಲಿ ಓರೆಯಾಗಿ ನಿಲ್ಲಿಸುವ ಒಂಟಿಗಾಲು ಬಂದಿತು. ಅದು ಗಾಡಿಯನ್ನು ನಿಲ್ಲಿಸುತ್ತದೆ, ಗಾಲಿಯನ್ನು ಎತ್ತುವುದಿಲ್ಲ. ಈ ಸಣ್ಣ ಬದಲಾವಣೆಯನ್ನು ಯಾರೂ ಗಮನಿಸಲಿಲ್ಲವೆಂದು ತೋರುತ್ತದೆ. ಮನೆಯಲ್ಲಿ ತಾನೇ ಚೈನಿಗೆ ಎಣ್ಣೆ ಬಿಡುವ ರೂಢಿ ತಪ್ಪಿದ್ದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ವಿಚಿತ್ರವೆಂದರೆ, ಅಂಗಡಿಗಳು ಮುಚ್ಚುತ್ತಿದ್ದ ಕಾಲದಲ್ಲಿಯೇ ಸೈಕಲ್ಲುಗಳು ಹಿಂದೆಂದೂ ಇಲ್ಲದಷ್ಟು ಹಳ್ಳಿಗಳಿಗೆ ಬಂದವು. 2006–07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಗುಲ್ಬರ್ಗಾದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆ ವರ್ಷಗಳಲ್ಲಿ ನಾಲ್ಕೈದು ಮೈಲಿ ದೂರದ ಊರುಗಳಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ಲಿನ ಮೇಲೆ ಪ್ರೌಢಶಾಲೆಗೆ ಬರುವುದನ್ನು ಕಣ್ಣಾರೆ ಕಂಡೆ. ನನ್ನ ನೌಕರಿಯ ಅವಧಿಯಲ್ಲಿ ಅದಕ್ಕಿಂತ ಸಂತೋಷದ ನೋಟ ಇನ್ನೊಂದಿಲ್ಲ. ಆದರೆ ಆರು ತಿಂಗಳಲ್ಲಿ ಗುಂಪು ಸಣ್ಣದಾಗುತ್ತಿತ್ತು. ಶಾಲೆಯ ಅಂಗಳದಲ್ಲಿ ಅವಸರದಿಂದ ಫಿಟಿಂಗ್ ಮಾಡಿದ ಗಾಡಿಗಳ ನಟ್ಟು ಸಡಿಲುತ್ತಿದ್ದವು, ಕಡ್ಡಿ ಮುರಿಯುತ್ತಿದ್ದವು. ಹಳ್ಳಿಯಲ್ಲಿ ಮಿಸ್ತ್ರಿಯಿಲ್ಲ. ಪಟ್ಟಣಕ್ಕೆ ಒಯ್ಯಲು ತಂದೆಗೆ ಹೊತ್ತಿಲ್ಲ. ಇಪ್ಪತ್ತು ರೂಪಾಯಿಯ ಕೆಲಸಕ್ಕಾಗಿ ಸೈಕಲ್ಲು ಗೋಡೆಗೆ ಆನಿಸಿ ನಿಂತುಬಿಡುತ್ತಿತ್ತು, ಹುಡುಗಿ ಮತ್ತೆ ನಡೆಯುತ್ತಿದ್ದಳು. ಕೆಲವರು ನಡೆಯುವುದನ್ನೂ ಬಿಟ್ಟರು. ಕೋವಿಡ್ ಕಾಲದಲ್ಲಿ ಆ ವಿತರಣೆಯೂ ನಿಂತಿತು. ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ದನದ ಕೊಟ್ಟಿಗೆಗಳಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಸತ್ತಿಲ್ಲ, ದುರಸ್ತಿಯಾಗಿಲ್ಲ, ಅಷ್ಟೇ.

ಇನ್ನು ಕೇಳಿದ ಪ್ರಶ್ನೆಗೆ. ಬಗ್ಗುವ ಬದಲು ಸೈಕಲ್ಲನ್ನೇ ಎತ್ತಿ ನಿಲ್ಲಿಸುವ ಲೋಹದ ಕಂಬ ಬೇರೆಡೆ ಬಂದುದೂ ಬೆನ್ನು ನೋವಿನಿಂದಲೇ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಹೋವರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ಎಂಬಿಬ್ಬರು ನೆಲದ ಮೇಲೆ ಕುಳಿತು ದುರಸ್ತಿ ಮಾಡಿ ಬೇಸತ್ತು, ಹಳೆಯ ಸಾಮಾನುಗಳಿಂದ ಒಂದು ಸ್ಟ್ಯಾಂಡು ಕೂಡಿಸಿದರು. 1963ರಲ್ಲಿ ಅದರಿಂದಲೇ ಪಾರ್ಕ್ ಟೂಲ್ ಎಂಬ ಕಂಪನಿ ಹುಟ್ಟಿತು. ಅವರ ಊರಿನಲ್ಲಿ ಬೇವಿನ ಮರವಿರಲಿಲ್ಲವೆಂದು ಕಾಣುತ್ತದೆ.

ಮೊದಲು ನಿಮ್ಮ ಸೈಕಲ್ಲು ಯಾವುದೆಂದು ನೋಡಿರಿ. ಹಳೆಯ ಕರಿ ಸೈಕಲ್ಲು, ಜೋಡಿಗಾಲಿನ ಸ್ಟ್ಯಾಂಡಿನೊಂದಿಗೆ ಇದ್ದರೆ ಏನನ್ನೂ ಕೊಳ್ಳಬೇಡಿರಿ. ತೊಲೆಗೆ ಎರಡು ಕೊಂಡಿ, ಗಟ್ಟಿ ಹಗ್ಗ, ಕೆಳಗಿಡಲು ಒಂದು ಕಬ್ಬಿಣದ ತುಂಡು ಸಾಕು. ಗೇರಿನ ಸೈಕಲ್ಲಿಗೆ ಸ್ಟ್ಯಾಂಡೇ ಇರುವುದಿಲ್ಲ. ಅದನ್ನು ತಲೆಕೆಳಗು ಮಾಡಿ ಸೀಟು ಹ್ಯಾಂಡಲ್ಲುಗಳ ಮೇಲೆ ನಿಲ್ಲಿಸಿದರೆ ಗೇರಿನ ಗುಂಡಿಗಳು ಉಜ್ಜುತ್ತವೆ, ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಾದರೆ ಕೊಳವೆಯಲ್ಲಿ ಗಾಳಿ ಸೇರುವ ಭಯವೂ ಉಂಟು. ಇಂಥವರಿಗೆ ಸ್ಟ್ಯಾಂಡು ಬೇಕು.

ಬಗೆಗಳು ಕೆಲವು. ಹಿಂದಿನ ಗಾಲಿಯನ್ನಷ್ಟೇ ಎತ್ತುವ ಸಣ್ಣ ಕೊಕ್ಕೆಯ ಸ್ಟ್ಯಾಂಡು ಅಗ್ಗ. ಚೈನು ತೊಳೆಯಲು, ಗೇರು ಹೊಂದಿಸಲು ಸಾಲುತ್ತದೆ, ಆದರೆ ನೆಲಮಟ್ಟದಲ್ಲಿಯೇ ಬಗ್ಗಬೇಕು. ನಮ್ಮ ಹಳೆಯ ಜೋಡಿಗಾಲು ಮಾಡುತ್ತಿದ್ದ ಕೆಲಸವನ್ನೇ ಹಣ ಕೊಟ್ಟು ಮರಳಿ ಪಡೆದಂತೆ. ಮುಂದಿನ ಗಾಲಿಯನ್ನು ಬಿಚ್ಚಿ ಫೋರ್ಕನ್ನು ಸಿಕ್ಕಿಸಿ, ಪೆಡಲಿನ ಅಚ್ಚಿನ ಕೆಳಗೆ ಆನಿಕೆ ಕೊಡುವುದು ಇನ್ನೊಂದು ಬಗೆ. ವಿಜಯಪುರ, ಬಾಗಲಕೋಟೆಗಳ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಮಾಡಿರುವುದು ನಿಮಗೆಲ್ಲ ಗೊತ್ತು. ಅಂಥ ಸ್ಪರ್ಧೆಯ ಹಗುರ ಸೈಕಲ್ಲುಗಳಿಗೆ ಇದು ತಕ್ಕುದು, ಏಕೆಂದರೆ ಫ್ರೇಮನ್ನು ಎಲ್ಲಿಯೂ ಹಿಚುಕುವುದಿಲ್ಲ. ಆದರೆ ಅಚ್ಚಿನ ಅಳತೆ ಹೊಂದಬೇಕು, ಮನೆಯಲ್ಲಿ ಮೂರು ಬಗೆಯ ಸೈಕಲ್ಲಿದ್ದರೆ ತೊಡಕು. ಮೂರನೆಯದು ಕಂಬದ ತುದಿಯಲ್ಲಿ ರಬ್ಬರಿನ ದವಡೆಯಿದ್ದು ಸೀಟಿನ ಕೋಲನ್ನು ಕಚ್ಚಿ ಹಿಡಿಯುವಂಥದು. ಮನೆಗೆ ಒಂದೇ ಸ್ಟ್ಯಾಂಡು ಎಂದಾದರೆ ಇದನ್ನೇ ಕೊಳ್ಳಿರಿ.

ಕೊಳ್ಳುವಾಗ ಬಣ್ಣ ನೋಡಬೇಡಿರಿ, ಕಾಲು ನೋಡಿರಿ. ಎರಡು ಅಗಲ ಕಾಲಿನವು ಸಪಾಟಾದ ಟೈಲ್ಸಿನ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಅಂಗಳದ ಉಬ್ಬುತಗ್ಗಿನ ಮೇಲೆ ಮೂರು ಕಾಲೇ ಸೈ. ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆಂದು ಗಣಿತದ ಮಾಸ್ತರರು ಹೇಳಿಕೊಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂದಿತು. ಮೂರರಲ್ಲಿ ಒಂದು ಕಾಲು ಸೈಕಲ್ಲಿನ ಭಾರ ಬೀಳುವ ದಿಕ್ಕಿಗೇ ಇರಲಿ. ಎಷ್ಟು ಭಾರ ತಡೆಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಬ್ಯಾಟರಿ ಸೈಕಲ್ಲಿದ್ದರೆ ಅದನ್ನು ಓದದೆ ಕೊಳ್ಳಬಾರದು. ಪೆಡಲಿನ ಅಚ್ಚು ನಿಮ್ಮ ಹೊಕ್ಕುಳ ಮಟ್ಟಕ್ಕೆ ಬರುವಷ್ಟು ಎತ್ತರವಾದರೂ ಏರಬೇಕು. ಅಷ್ಟು ಏರದಿದ್ದರೆ ಕೊಂಡ ಉದ್ದೇಶವೇ ವ್ಯರ್ಥ. ಕಾರ್ಬನ್ ಫ್ರೇಮಿನ ಕೊಳವೆಗೆ ದವಡೆ ಹಾಕಲೇಬಾರದು, ಸೀಟಿನ ಕೋಲಿಗೆ ಮಾತ್ರ. ಉಕ್ಕಿನ ಹಳೆಯ ಸೈಕಲ್ಲಿನ ಸೀಟಿನ ಕೋಲು ಗಿಡ್ಡವಾಗಿದ್ದರೆ ಕೊಳವೆಗೇ ಬಟ್ಟೆ ಸುತ್ತಿ ಹಿಡಿಸಬಹುದು, ಬ್ರೇಕಿನ ಸರಳು ನಡುವೆ ಸಿಕ್ಕದಂತೆ ನೋಡಿಕೊಂಡು. ಕಾಟರ್ ಪಿನ್ನನ್ನು ಮಾತ್ರ ಯಾವ ಮಡಚುವ ಸ್ಟ್ಯಾಂಡಿನ ಮೇಲೆಯೂ ಹೊಡೆಯಬೇಡಿರಿ. ಅದಕ್ಕೆ ನೆಲ, ಕಬ್ಬಿಣದ ತುಂಡು, ಮತ್ತು ದುರ್ದೈವದಿಂದ ಮೊಣಕಾಲು.

ಇನ್ನೊಂದು ಮಾತು, ಇದು ಎಲ್ಲರಿಗೂ. ಓದಿದ ಶಾಲೆಗೆ ಏನಾದರೂ ಕೊಡಬೇಕೆಂದಿದ್ದೇವೆ, ಗಡಿಯಾರವೋ ಕಪಾಟೋ ಎಂದು ಪ್ರತಿವರ್ಷ ನಿಮ್ಮಲ್ಲಿ ಯಾರಾದರೂ ಕೇಳುತ್ತೀರಿ. ಗಡಿಯಾರಗಳು ಸಾಕಷ್ಟಿವೆ. ಒಂದು ಮೂರು ಕಾಲಿನ ಸ್ಟ್ಯಾಂಡು ಕೊಡಿರಿ. ಜೊತೆಗೆ ಪಾನಾಗಳ ಒಂದು ಜೊತೆ, ಪಕ್ಕಡ, ಕಡ್ಡಿ ಬಿಗಿಯುವ ಚಾವಿ, ಟಯರು ಎಬ್ಬಿಸುವ ಎರಡು ಪಟ್ಟಿ, ಗಾಳಿ ಪಂಪು, ಪಂಕ್ಚರಿನ ಸಾಮಾನು. ಶನಿವಾರ ಮಧ್ಯಾಹ್ನ ಊರಿನ ಹಳೆಯ ಮಿಸ್ತ್ರಿಯೊಬ್ಬರನ್ನು ಕರೆಯಿಸಿ, ಕುರ್ಚಿ ಕೊಟ್ಟು ಕೂಡಿಸಿ, ಕೂಲಿಯನ್ನೂ ಕೊಟ್ಟು, ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಕೆಲಸ ಕಲಿಸಿರೆಂದು ಕೇಳಬಹುದು. ಕೊಟ್ಟಿಗೆಯಲ್ಲಿರುವ ಸೈಕಲ್ಲುಗಳನ್ನು ಒಂದೊಂದಾಗಿ ತರಿಸಿದರಾಯಿತು. ಶಹಾಪುರದ ಕಡೆಯ ಒಂದು ಶಾಲೆಯ ಮುಖ್ಯಗುರುಗಳೊಂದಿಗೆ ಮಾತಾಡಿದ್ದೇನೆ. ಕೋಣೆ ಕೊಡಲು ಒಪ್ಪಿದ್ದಾರೆ. ಕೋಣೆಗೆ ಪಡುವಣ ಕಿಟಕಿಯಿದೆ, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ನೇರ ಒಳಗೆ ಬೀಳುತ್ತದೆ. ದವಡೆಯ ರಬ್ಬರು ಆ ಬಿಸಿಲಿಗೆ ಬಿರುಕು ಬಿಡದಂತೆ ಸ್ಟ್ಯಾಂಡನ್ನು ಮಡಚಿ ಮೂಲೆಯ ಕಪಾಟಿನ ಹಿಂದೆ ಇಡಿಸಬೇಕಾದೀತು.